ಬಾಯಿ ತುಂಬ ರಕ್ತ, ಅಲುಗಿಸಬಾರದ ಕುತ್ತಿಗೆ: ಟ್ಯೂಬ್ ಹಾಕುವ ಬಗ್ಗೆ

ನಮಸ್ಕಾರ. ತರಬೇತಿಯ ಗೊಂಬೆಗೆ ಪ್ರತಿ ಸಲವೂ ಸಲೀಸಾಗಿ ಶ್ವಾಸನಾಳಕ್ಕೆ ಉಸಿರಾಟದ ಟ್ಯೂಬ್ ಹಾಕುತ್ತಿದ್ದ ನೀವು, ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿದ್ದ ಗಾಯಾಳುವಿಗೆ ಎರಡು ಸಲ ಯತ್ನಿಸಿದರೂ ಧ್ವನಿತಂತುಗಳೇ ಕಾಣಲಿಲ್ಲವೆಂದು ಬರೆದು, ಎಲ್ಲಿ ತಪ್ಪಿದೆನೆಂದು ಕೇಳಿದ್ದೀರಿ. ಕುತ್ತಿಗೆಯ ಕಾಲರ್ ಬಿಗಿದೇ ಇತ್ತೆಂದೂ, ಎರಡನೆಯ ಸಲ ಸ್ಯಾಚುರೇಶನ್ (ರಕ್ತದಲ್ಲಿನ ಆಮ್ಲಜನಕದ ಶೇಕಡಾ ಮಟ್ಟ) 80ರ ಆಸುಪಾಸಿಗೆ ಇಳಿಯಿತೆಂದೂ ನೀವೇ ತಿಳಿಸಿದ್ದೀರಿ. ಅರಿವಳಿಕೆ ವಿಭಾಗದಲ್ಲಿ ಕೆಲಸ ಮಾಡುವ ನನಗೆ ಅನಿಸುವುದೇನೆಂದರೆ, ಗಂಟಲೊಳಗೆ ನೋಡುವ ದೀಪದ ಉಪಕರಣದ (ಲ್ಯಾರಿಂಗೋಸ್ಕೋಪ್) ಬ್ಲೇಡ್ ಬಾಯಿಗೆ ಹೋಗುವ ಮೊದಲೇ ತಪ್ಪಾಗಿದೆ.

ಕಾಲರ್ ಬಿಗಿದಿದ್ದರೆ ಬಾಯಿ ಸಾಕಷ್ಟು ತೆರೆಯುವುದಿಲ್ಲ. ಅದರ ಮುಂಭಾಗವನ್ನು ಬಿಚ್ಚಿ, ಇನ್ನೊಬ್ಬರು ಗಾಯಾಳುವಿನ ಪಕ್ಕದಲ್ಲಿ ಮಂಡಿಯೂರಿ ತಲೆಯನ್ನು ಎರಡೂ ಕೈಗಳಿಂದ ಅಲುಗದಂತೆ ಹಿಡಿಯಬೇಕು. ತಲೆಯನ್ನು ಹಿಂದಕ್ಕೆ ಬಾಗಿಸದೆ ದವಡೆಯನ್ನಷ್ಟೇ ಮುಂದಕ್ಕೆ ಎತ್ತಬೇಕು. ಹೀಗೆ ಹಿಡಿದಾಗ ಧ್ವನಿತಂತುಗಳು ಅನೇಕ ಸಲ ಪೂರ್ತಿಯಾಗಿ ಕಾಣುವುದಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡು ಕೆಲಸ ಆರಂಭಿಸಿ.

ಬ್ಲೇಡ್ ಕೈಗೆತ್ತಿಕೊಳ್ಳುವ ಮುನ್ನ, ಉಸಿರಾಡುತ್ತಿರುವ ಗಾಯಾಳುವಿಗೆ ಚೀಲವಿರುವ ಮಾಸ್ಕಿನಿಂದ ನಿಮಿಷಕ್ಕೆ 15 ಲೀಟರಿನಂತೆ ಕನಿಷ್ಠ 3 ನಿಮಿಷ ಆಮ್ಲಜನಕ ಕೊಡಿ. ಉಸಿರು ಸಾಲದಿದ್ದರೆ ಒಬ್ಬರು ಎರಡೂ ಕೈಗಳಿಂದ ಮಾಸ್ಕ್ ಹಿಡಿದು ಮತ್ತೊಬ್ಬರು ಕೈಯಿಂದ ಗಾಳಿ ನೂಕುವ ಅಂಬು ಬ್ಯಾಗ್ ಒತ್ತಲಿ. ಆಮ್ಲಜನಕ ಕೊಡುವ ಮೂಗಿನ ನಳಿಕೆಯನ್ನು ಟ್ಯೂಬ್ ಹಾಕುವಾಗಲೂ ತೆಗೆಯಬೇಡಿ. ಸ್ಯಾಚುರೇಶನ್ 93ಕ್ಕೆ ಬಂದ ಕೂಡಲೇ ಬ್ಲೇಡ್ ಹೊರತೆಗೆದು ಮತ್ತೆ ಬ್ಯಾಗಿಗೆ ಮರಳಿ, ಏಕೆಂದರೆ 90ರ ಕೆಳಗೆ ಅದು ಜಾರುಬಂಡೆಯಂತೆ ಇಳಿಯುತ್ತದೆ. ಬೆರಳಿನ ಯಂತ್ರ ತೋರಿಸುವುದು ಸ್ವಲ್ಪ ಹೊತ್ತಿನ ಹಿಂದಿನ ಸ್ಥಿತಿಯನ್ನು. ತಲೆಗೆ ಪೆಟ್ಟಾದವರಲ್ಲಿ ಒಂದೇ ಸಲ ಸ್ಯಾಚುರೇಶನ್ 90ಕ್ಕಿಂತ ಕೆಳಗಿಳಿದರೂ ಮೆದುಳಿಗೆ ಹಾನಿ ಹೆಚ್ಚಬಹುದು. ಪ್ರಜ್ಞೆಯ ಮಟ್ಟ ಅಳೆಯುವ ಕೋಮಾ ಅಂಕ 8 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಟ್ಯೂಬ್ ಹಾಕಬೇಕೆಂದು ಪಾಠದಲ್ಲಿ ಓದಿದ್ದೇವೆ ನಿಜ, ಆದರೆ ಬ್ಯಾಗಿನಿಂದ ಎದೆ ಚೆನ್ನಾಗಿ ಏಳುತ್ತಿದ್ದು ಆಸ್ಪತ್ರೆ ಹತ್ತು ನಿಮಿಷದ ದಾರಿಯಲ್ಲಿದ್ದರೆ ನಾನಂತೂ ಗಾಡಿ ಹೊರಡಿಸುತ್ತೇನೆ. ಹಲ್ಲು ಕಚ್ಚಿಕೊಂಡವರ ಬಾಯನ್ನು ಬಲವಂತವಾಗಿ ತೆರೆಯಲು ಹೋಗಬೇಡಿ. ಸ್ನಾಯು ಸಡಿಲಿಸುವ ಮದ್ದು ಅದರ ತರಬೇತಿಯಿರುವವರ ಕೈಯಲ್ಲಿರಲಿ.

ಇನ್ನು ರಕ್ತದ ವಿಚಾರ. ಬ್ಲೇಡಿನ ದೀಪಕ್ಕೆ ರಕ್ತ ಮೆತ್ತಿದರೆ ಒಳಗೆ ಕೆಂಪು ಮಬ್ಬಿನ ಹೊರತು ಏನೂ ಕಾಣದು. ಆದ್ದರಿಂದ ರಕ್ತ ಹೀರಿ ತೆಗೆಯುವ ಸಕ್ಷನ್ನಿನ ದಪ್ಪ ತುದಿ ಮುಂದೆ, ಬ್ಲೇಡ್ ಅದರ ಹಿಂದೆ ಹೋಗಬೇಕು. ನಾಲಗೆಯ ಬುಡದ ಹಿಂದಿನ ಮುಚ್ಚಳದಂಥ ಎಪಿಗ್ಲಾಟಿಸ್ ಕಂಡ ಮೇಲೆ ಸಕ್ಷನ್ ಕೊಳವೆಯನ್ನು ಬ್ಲೇಡಿನ ಎಡಗಡೆಗೆ ಸರಿಸಿ, ತುದಿಯನ್ನು ಅನ್ನನಾಳದ ಬಾಯಲ್ಲಿ ನಿಲ್ಲಿಸಿ, ಚಾಲೂ ಇರುವಂತೆಯೇ ಬಿಡಿ. ಬಲಗೈ ಆಗ ಬೂಜಿಗೆ, ಅಂದರೆ ಟ್ಯೂಬಿಗೆ ದಾರಿ ತೋರುವ ಕಡ್ಡಿಗೆ, ಬಿಡುವಾಗುತ್ತದೆ.

ಅದು 60 ಸೆಂಟಿಮೀಟರಿನ, ತುದಿ ಬಾಗಿದ ಕಡ್ಡಿ. ಇಂಥ ಕಡ್ಡಿಯ ಬಳಕೆಯನ್ನು ಅರಿವಳಿಕೆ ತಜ್ಞ ಮ್ಯಾಕಿಂಟಾಷ್ 1949ರಲ್ಲೇ ವಿವರಿಸಿದ್ದರೂ, ನಮ್ಮಲ್ಲಿ ಅನೇಕರು ಅದನ್ನು ಕೊನೆಯ ಉಪಾಯವೆಂದು ಕಿಟ್ಟಿನ ತಳದಲ್ಲಿಟ್ಟಿರುತ್ತಾರೆ. ಅಪಘಾತದ ಗಾಯಾಳುವಿಗೆ ಮೊದಲ ಯತ್ನದಲ್ಲೇ ಅದನ್ನು ಬಳಸಿ. ಧ್ವನಿತಂತು ಕಾಣದಿದ್ದರೂ ಎಪಿಗ್ಲಾಟಿಸ್‌ನ ಅಡಿಯಲ್ಲಿ, ನಡುಗೆರೆಯಲ್ಲಿ, ತುದಿ ಮೇಲ್ಮುಖವಾಗಿರುವಂತೆ ಜಾರಿಸಿದರೆ, ಶ್ವಾಸನಾಳದ ಉಂಗುರಗಳ ಮೇಲೆ ಅದು ಟಕಟಕನೆ ಸಾಗುವುದು ಬೆರಳಿಗೆ ತಿಳಿಯುತ್ತದೆ, ಮುಂದೆ ಒಂದೆಡೆ ತಡೆದು ನಿಲ್ಲುತ್ತದೆ. ಎಲ್ಲೂ ತಡೆಯದೆ ಒಳಹೋಗುತ್ತಲೇ ಇದ್ದರೆ ಅದು ಅನ್ನನಾಳ. ಬ್ಲೇಡ್ ತೆಗೆಯದೆ ಬೂಜಿಯ ಮೇಲೆ ಟ್ಯೂಬ್ ಇಳಿಸಿ. ಸಿಕ್ಕಿಕೊಂಡರೆ ಒತ್ತದೆ, ಎರಡು ಸೆಂಟಿಮೀಟರ್ ಹಿಂದೆಳೆದು ಗಡಿಯಾರದ ವಿರುದ್ಧ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮತ್ತೆ ನೂಕಿ.

ಮೊದಲನೆಯದು ವಿಫಲವಾದರೆ ಏನನ್ನಾದರೂ ಬದಲಿಸದೆ ಎರಡನೆಯದಕ್ಕೆ ಕೈಹಾಕಬೇಡಿ: ಬ್ಲೇಡಿನ ಅಳತೆಯೋ, ಕುತ್ತಿಗೆಯ ಮೇಲಿಂದ ಗಂಟಲ ಗೂಡನ್ನು ಒತ್ತುವ ಬಗೆಯೋ, ಇಲ್ಲವೇ ಹಾಕುವ ವ್ಯಕ್ತಿಯೋ. ಮೂರನೆಯ ಸಲ ಬೇಡ, ಐ-ಜೆಲ್ (ಶ್ವಾಸನಾಳದ ಬಾಯಿಯ ಮೇಲೆ ಕೂರುವ ಉಸಿರಾಟದ ಸಾಧನ) ಹಾಕಿ. 50ರಿಂದ 90 ಕಿಲೋ ತೂಕದವರಿಗೆ 4ನೇ ಅಳತೆ ಸರಿಹೋಗುತ್ತದೆ.

ಟ್ಯೂಬ್ ಸರಿಯಾದ ಜಾಗದಲ್ಲಿದೆಯೆಂದು ನಂಬುವುದಕ್ಕೆ ಕಾರ್ಬನ್ ಡೈಆಕ್ಸೈಡಿನ ಅಲೆ ಪರದೆಯ ಮೇಲೆ ಮೂಡಬೇಕು. ನನ್ನ ಮೊದಲ ವರ್ಷದಲ್ಲಿ ಟ್ಯೂಬಿನೊಳಗೆ ಕಂಡ ಆವಿಯನ್ನು ನಂಬಿ, ಹೊಟ್ಟೆ ಉಬ್ಬಿ ನಿಲ್ಲುವವರೆಗೂ ಅನ್ನನಾಳಕ್ಕೆ ಗಾಳಿ ಒತ್ತಿದ್ದೆ; ಹಿಂದೆ ನಿಂತಿದ್ದ ಸಿಸ್ಟರ್ ಗಮನಿಸಿ ಹೇಳದಿದ್ದರೆ ಅನಾಹುತವಾಗುತ್ತಿತ್ತು. ಅಲೆ ಬಂದ ಮೇಲೆ ಹಲ್ಲಿನ ಬಳಿ ಹೆಂಗಸರಿಗೆ ಸುಮಾರು 21, ಗಂಡಸರಿಗೆ 23 ಸೆಂಟಿಮೀಟರಿನಲ್ಲಿ ಕಟ್ಟಿ, ಎದೆಯ ಎರಡೂ ಬದಿ ಆಲಿಸಿ.

ಆತಂಕದಲ್ಲಿ ಕೈ ತಾನಾಗಿಯೇ ಬ್ಯಾಗನ್ನು ಬೇಗಬೇಗ ಒತ್ತುತ್ತದೆ. ಆಗ ಕಾರ್ಬನ್ ಡೈಆಕ್ಸೈಡ್ ಇಳಿದು ಮೆದುಳಿನ ರಕ್ತನಾಳಗಳು ಸಂಕುಚಿತಗೊಳ್ಳುತ್ತವೆ. ನಿಮಿಷಕ್ಕೆ 10–12 ಸಲ ಒತ್ತುತ್ತ, ಪರದೆಯ ಅಂಕಿಯನ್ನು 35ರಿಂದ 40ರೊಳಗೆ ಇರಿಸಿಕೊಳ್ಳಿ. ಟ್ಯೂಬ್ ಹಾಕಿದ ಬಳಿಕ ಬಿಪಿ ಕುಸಿದು, ಬ್ಯಾಗ್ ಗಟ್ಟಿಯಾಗಿ, ಎದೆಯ ಒಂದು ಬದಿ ಏಳದಿದ್ದರೆ ಟ್ಯೂಬ್ ಆಳಕ್ಕಿಳಿದಿದೆಯೇ ಎಂದು ನೋಡಿ. ಅಲ್ಲವಾದರೆ ಶ್ವಾಸಕೋಶದ ಸುತ್ತ ಗಾಳಿ ಕಟ್ಟಿಕೊಂಡಿದೆಯೆಂದು ಶಂಕಿಸಿ ವೈದ್ಯರಿಗೆ ಕೂಡಲೇ ತಿಳಿಸಿ.

ನಿಮ್ಮ ಕೇಂದ್ರದಲ್ಲಿ ಮೂಲೆಗೆ ಬಿದ್ದ ಹಳೆಯ ಗೊಂಬೆಯೊಂದಿದ್ದರೆ ಕೇಳಿ ಪಡೆಯಿರಿ. ಅದಕ್ಕೆ ಕಾಲರ್ ಕಟ್ಟಿ, ಕೆಂಪು ಬಣ್ಣ ಬೆರೆಸಿದ ತೆಳು ರವೆಗಂಜಿಯನ್ನು ಬಾಯಿಗೆ ಸುರಿದು, ನೆಲದ ಮೇಲೆ ಮಲಗಿಸಿ, ಸಕ್ಷನ್ ಮತ್ತು ಬೂಜಿಯ ಅಭ್ಯಾಸವನ್ನು ಸಹೋದ್ಯೋಗಿಯೊಬ್ಬರ ಜೊತೆ ಸ್ಥಾನ ಬದಲಿಸಿಕೊಂಡು ಮಾಡಿ.