‘ಹೇಳತೀರದು’ ಅಂದರೆ ಸಾಲದು

ನಮಸ್ಕಾರ.

ಅಮೆರಿಕದ ಚಾಕು ತಯಾರಕರ ಬಗ್ಗೆ ನಮ್ಮ ಪತ್ರಿಕೆಗೆ ನೀವು ಕಳಿಸಿದ ‘ಚಾಕು ಮಾಡುವವರ ಔದಾರ್ಯ’ ಲೇಖನ ಓದಿದೆ. ಬರವಣಿಗೆ ಸರಾಗವಾಗಿದೆ, ಡಲ್ಲಾಸ್‌ನಲ್ಲಿದ್ದು ಇಷ್ಟು ಒಳ್ಳೆ ಕನ್ನಡ ಬರೀತಿದ್ದೀರಿ, ಸಂತೋಷ. ಆದರೆ ಈಗಲೇ ಹಾಕಲ್ಲ. ಮೂರು ಕಡೆ ನನಗೆ ಸಿಟ್ಟು ಬಂತು, ಅದನ್ನಷ್ಟೇ ಹೇಳ್ತೀನಿ.

ಎರಡನೇ ಪುಟ. “ಅವರ ಔದಾರ್ಯ ಹೇಳತೀರದು.” ಹೇಳೋಕೇ ಆಗಲ್ಲ ಅಂದಮೇಲೆ ಎಂಟು ಪುಟ ಯಾಕೆ? ಮುಂದಿನ ಸಾಲು, “ಎಲ್ಲರೂ ಒಂದೇ ಕುಟುಂಬದಂತೆ.” ಅದರ ಮುಂದಿನದು, ಅಮೆರಿಕದ ಚಾಕು ತಯಾರಕ ಮೊರಾನ್ ಬಗ್ಗೆ, “ಬಿಲ್ ಮೊರಾನ್ ತಮ್ಮ ವಿದ್ಯೆಯನ್ನು ಧಾರೆ ಎರೆದರು.” ಧಾರೆ ಎರೆದರು ಅಂದರೆ ಏನು ಮಾಡಿದರು? 1973ರಲ್ಲಿ ಚಾಕು ತಯಾರಕರ ಸಂಘವಾದ ನೈಫ್‌ಮೇಕರ್ಸ್ ಗಿಲ್ಡ್‌ನ ಪ್ರದರ್ಶನಕ್ಕೆ ಮೊರಾನ್ ಡಮಾಸ್ಕಸ್ ಚಾಕುಗಳನ್ನು ತಂದರು. ಬೇರೆ ಬೇರೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು, ಬಿಳಿಗಾರ ಉದುರಿಸಿ, ಕಾಯಿಸಿ, ಬಡಿದು ಬೆಸೆದು, ಮಡಚಿ, ಮತ್ತೆ ಬಡಿಯುವ ಕೆಲಸ ಅದು. ಕಾವು ಸ್ವಲ್ಪ ತಪ್ಪಿದರೂ ಪದರ ಬಿಟ್ಟುಕೊಳ್ಳುತ್ತದೆ. ಅಮೆರಿಕದಲ್ಲಿ ಆಗ ಅದನ್ನು ಮಾಡುವವರು ಹೆಚ್ಚುಕಮ್ಮಿ ಇರಲೇ ಇಲ್ಲ. ಅಂಥ ಗುಟ್ಟು ಕೈಯಲ್ಲಿದ್ದಾಗ ಮೊರಾನ್, ಹೇಗೆ ಮಾಡಿದೆ ಅಂತ ತಾವೇ ಬರೆದ ಪುಸ್ತಿಕೆಯನ್ನೂ ಜೊತೆಗೇ ತಂದು ಪುಕ್ಕಟೆ ಹಂಚಿದರು. ತಗೊಂಡವರು ಅದೇ ಕಸುಬಿನವರು, ನಾಳೆ ಇವರ ಗಿರಾಕಿಯನ್ನೇ ಸೆಳೆಯಬಹುದಾದವರು. ಇಷ್ಟು ಬರೆದರೆ ‘ಔದಾರ್ಯ’ ಅನ್ನೋ ಪದವೇ ಬೇಕಾಗಲ್ಲ, ಅಲ್ವಾ?

ಐದನೇ ಪುಟದಲ್ಲಿ ಉಕ್ಕು ಬಡಿದು ಚಾಕು ಮಾಡುವವರ ಸಂಘವಾದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿಯ “ಪರೀಕ್ಷೆ ಬಹಳ ಕಠಿಣ” ಅಂತ ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಅಭ್ಯರ್ಥಿ ಮಾಡಿದ ಚಾಕುವಿನ ಒಂದೇ ಏಟಿಗೆ ತೂಗುಬಿಟ್ಟ ಒಂದಿಂಚು ದಪ್ಪದ ಹಗ್ಗ ತುಂಡಾಗಬೇಕು. ಎರಡಿಂಚು ದಪ್ಪ, ನಾಲ್ಕಿಂಚು ಅಗಲದ ಮರದ ತುಂಡನ್ನು ಎರಡು ಸಲ ಕಡಿದು ಹಾಕಬೇಕು. ಆಮೇಲೂ ಚಾಕುವಿನ ಅದೇ ಬಾಯಿ ಕೈಮೇಲಿನ ಕೂದಲು ಬೋಳಿಸಬೇಕು. ಕೊನೆಗೆ ಅಲಗನ್ನು ವೈಸಿಗೆ, ಅಂದರೆ ಬಿಗಿಹಿಡಿಯುವ ಕಬ್ಬಿಣದ ಇಕ್ಕುಳಿಗೆ, ಸಿಕ್ಕಿಸಿ 90 ಡಿಗ್ರಿ ಬಗ್ಗಿಸಿದರೂ ಮುರಿದು ಎರಡಾಗಬಾರದು. ಇಷ್ಟೂ ಒಬ್ಬ ಮಾಸ್ಟರ್ ಸ್ಮಿತ್, ಅಂದರೆ ಆ ಸಂಘದ ಪಳಗಿದ ಹಿರಿಯ ಕಸುಬುದಾರನ, ಎದುರಲ್ಲೇ ನಡೆಯಬೇಕು. ತನ್ನ ಕೆಲಸ ಬಿಟ್ಟು ಬೇರೆಯವರ ಚಾಕುವಿನ ಪಕ್ಕ ನಿಲ್ಲುವ ಆ ಹಿರಿಯ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ.

ಇನ್ನು ಕೊನೆಯ ಪುಟ. “ಈ ಡಮಾಸ್ಕಸ್ ನಮ್ಮ ಕನ್ನಡದ ಉಕ್ಕಿನಿಂದಲೇ ಬಂದದ್ದು.” ತಪ್ಪು. ಹಳೇ ಡಮಾಸ್ಕಸ್ ಕತ್ತಿಗಳಿಗೆ ಬಳಸುತ್ತಿದ್ದ ಭಾರತದ ಉಕ್ಕಿಗೆ ವುಟ್ಜ್ ಅನ್ನೋ ಹೆಸರು ‘ಉಕ್ಕು’ವಿನಿಂದ ಬಂತು ಅಂತ ಹೇಳೋದುಂಟು, ಆ ಉಕ್ಕು ಮೈಸೂರು ಸೀಮೆಯಲ್ಲಿ ಆಗುತ್ತಿದ್ದದ್ದೂ ನಿಜ. ಆದರೆ ಅದು ಮೂಸೆಯಲ್ಲಿ ಕರಗಿಸಿದ ಉಕ್ಕು, ಅಲಗಿನ ಮೇಲಿನ ಗೆರೆಗಳು ಅದರ ಒಡಲಿನಿಂದಲೇ ಬರುತ್ತವೆ. ಮೊರಾನ್ ಮಾಡಿದ್ದು ಪದರ ಬೆಸೆದ ಉಕ್ಕು. ಬೇರೆಯವರು ಕೈಬಿಚ್ಚಿ ಕೊಟ್ಟದ್ದರ ಕಥೆ ಹೇಳ್ತಾ ಹೇಳ್ತಾ ಕೊನೆಗೆ ನಮ್ಮ ಪಾಲು ಕೇಳಿದ ಹಾಗಾಯಿತು. ಆ ಪ್ಯಾರಾ ಪೂರ್ತಿ ತೆಗೆಯಿರಿ.

ನಾನು ಕೆಲಸ ಕಲಿತದ್ದು ಒಂದು ವಾರಪತ್ರಿಕೆಯಲ್ಲಿ. ಶುರುವಿನಲ್ಲೇ ಒಬ್ಬ ಕಮ್ಮಾರರ ಬಗ್ಗೆ ಬರೆದೆ, “ದೊಡ್ಡ ಮನಸ್ಸಿನವರು” ಅಂತ. ನಮ್ಮ ಹಿರಿಯ ಉಪಸಂಪಾದಕರು ಆ ಪದದ ಸುತ್ತ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, “ಏನು ಕೊಟ್ಟರಪ್ಪಾ, ಯಾರಿಗೆ ಕೊಟ್ಟರು?” ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬಸ್ಸಿನ ದುಡ್ಡು ಕೊಟ್ಟು ವಾಪಸ್ ಕಳಿಸಿದರು. ಇಡೀ ದಿನ ಕುಲುಮೆ ಪಕ್ಕ ಕೂತೆ. ಸಂಜೆ ಹೊತ್ತಿಗೆ ಎದುರು ಬೀದಿಯ ಇನ್ನೊಬ್ಬ ಕಮ್ಮಾರರ ಹುಡುಗ ಬಂದು ಇಕ್ಕಳ ಕೇಳಿದ. ಇವರು ಕಾದ ಕುಡುಗೋಲನ್ನು ಬದಿಗಿಟ್ಟು, ಕೈಯಲ್ಲಿದ್ದ ಇಕ್ಕಳವನ್ನೇ ಕೊಟ್ಟು ಬೀಡಿ ಹಚ್ಚಿದರು. ಅದು ವಾಪಸ್ ಬರೋವರೆಗೂ ಇವರ ಕೆಲಸ ನಿಂತಿತ್ತು. ಆ ಒಂದು ಪ್ಯಾರಾ ಮಾತ್ರ ಅಚ್ಚಾಯಿತು.

ನಿಮ್ಮ ಹತ್ತಿರವೂ ಅಂಥದ್ದಿದೆ. ಲೇಖನದಲ್ಲಿ ಅಲ್ಲ, ಜೊತೆಗೆ ಕಳಿಸಿದ ಮೇಲ್‌ನಲ್ಲಿ! ಅಮೆರಿಕದ ಅರ್ಕನ್ಸಾ ರಾಜ್ಯದ ಆ ಯಜಮಾನರು ನೀವು ಮಾಡಿದ ಚಾಕು ಹದ ಹಾಕುವಾಗ ಸೀಳು ಬಿಟ್ಟದ್ದನ್ನು ನೋಡಿ, ಏನೂ ಮಾತಾಡದೆ ತಮ್ಮ ಕಪಾಟಿನಿಂದ ಒಂದು ಉಕ್ಕಿನ ಪಟ್ಟಿ ತೆಗೆದುಕೊಟ್ಟು, ದುಡ್ಡು ಬೇಡ ಅಂದು, ಕತ್ತಲಾಗೋವರೆಗೆ ನಿಮ್ಮ ಪಕ್ಕ ನಿಂತರು ಅಂತ ಬರೆದಿದ್ದೀರಿ. ಓದಿ ನಾನು ಸುಮ್ನೆ ಕೂತುಬಿಟ್ಟೆ. ಅಲ್ಲಿಂದ ಶುರುಮಾಡಿ. ಪಟ್ಟಿ ಎಷ್ಟು ಉದ್ದ ಇತ್ತು, ಅವರು ಎಲ್ಲಿ ನಿಮ್ಮ ಕೈ ಹಿಡಿದು ತಡೆದರು, ಎಣ್ಣೆಗೆ ಅದ್ದುವಾಗ ಏನಂದರು, ಎಲ್ಲ ಬರೆದು ಕಳಿಸಿ. ಮುಂದಿನ ತಿಂಗಳ ಸಂಚಿಕೆಯಲ್ಲಿ ಮೂರು ಪುಟ ಖಾಲಿ ಇಟ್ಟಿರ್ತೀನಿ.