ವಿಶ್ವವಿದ್ಯಾಲಯದ ಕ್ರೀಡೆಯಲ್ಲಿ ಎಲ್ಲರಿಗೂ ಗೌರವದ ಜಾಗ ಸಿಗಬೇಕಾದರೆ ಮೊದಲು ಏನು ಮಾಡಬೇಕು?

ತಂಡದ ಆಯ್ಕೆಯನ್ನೂ ದೂರು ಕೇಳುವ ಕೆಲಸವನ್ನೂ ಒಬ್ಬರ ಕೈಯಲ್ಲೇ ಬಿಡಬಾರದು. ಮೊದಲು ಆಗಬೇಕಾದದ್ದು ಇದು. ಕಬಡ್ಡಿ ತಂಡಕ್ಕೆ ಯಾರನ್ನು ಸೇರಿಸಬೇಕೆಂದು ತೀರ್ಮಾನಿಸುವವರೇ, ಜಾತಿಯನ್ನೋ ಮೈಬಣ್ಣವನ್ನೋ ಹಿಡಿದು ಹೀಯಾಳಿಸಿದ ದೂರನ್ನೂ ಕೇಳುವವರಾದರೆ, ಸ್ಥಾನ ಕಳೆದುಕೊಳ್ಳುವ ಭಯದಿಂದ ವಿದ್ಯಾರ್ಥಿ ಬಾಯಿ ಬಿಡುವುದಿಲ್ಲ, ಆ ಮೌನವನ್ನೇ ಉಳಿದವರು ಒಪ್ಪಿಗೆಯೆಂದು ತಿಳಿದು ಹೀಯಾಳಿಕೆಯನ್ನು ತಂಡದ ರೂಢಿಯಾಗಿಸುತ್ತಾರೆ. ಆದ್ದರಿಂದ ಆಯ್ಕೆಯ ಮಾನದಂಡಗಳನ್ನು ಮುಂಚೆಯೇ ಬರೆದು ಸೂಚನಾ ಫಲಕಕ್ಕೆ ಹಚ್ಚಬೇಕು, ದೂರು ಕ್ರೀಡಾ ವಿಭಾಗದ ಹೊರಗಿನವರಿಗೆ ಹೋಗಬೇಕು. ಲೈಂಗಿಕ ಕಿರುಕುಳದ ಮಟ್ಟಿಗೆ ಈ ದಾರಿ ಈಗಾಗಲೇ ಇದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2015ರ ನಿಯಮಾವಳಿಯ ಪ್ರಕಾರ, ಇಂಥ ದೂರು ಕೇಳುವ ಆಂತರಿಕ ದೂರು ಸಮಿತಿಯ ವ್ಯಾಪ್ತಿಗೆ ಬೇರೆ ಊರಿನ ಕ್ರೀಡಾಕೂಟಗಳೂ ಬರುತ್ತವೆ. ಇದನ್ನು ತಂಡ ಹೊರಡುವ ಮೊದಲೇ ಆಟಗಾರ್ತಿಯರಿಗೆ ತಿಳಿಸಬೇಕು.

ಯಾರನ್ನೂ ಹೀಯಾಳಿಸದೆಯೂ ಹೊರಗಿಡಬಹುದು. ಧಾರವಾಡದಲ್ಲಿ ಓದುತ್ತ ದಿನಾಲೂ ಕಲಘಟಗಿ, ಅಣ್ಣಿಗೇರಿ ಕಡೆಗೆ ಬಸ್ಸಿನಲ್ಲಿ ಮರಳುವ ಹುಡುಗಿಗೆ ಸಂಜೆ ಆರೂವರೆಗೆ ಮುಗಿಯುವ ಅಭ್ಯಾಸವೆಂದರೆ ಕತ್ತಲಾದ ಮೇಲೆ ಊರು ಸೇರುವುದು. ಅವಳು ಬಾರದಿದ್ದಾಗ ಆಸಕ್ತಿಯಿಲ್ಲವೆಂದು ಹೆಸರು ಹೊಡೆದುಹಾಕುವುದು ಅನ್ಯಾಯ. ವಾರದಲ್ಲಿ ಎರಡು ದಿನವಾದರೂ ಅಭ್ಯಾಸವನ್ನು ಮಧ್ಯಾಹ್ನ ಮೂರಕ್ಕೆ ಇಟ್ಟು, ಮೈದಾನದ ಬಳಿ ಬಟ್ಟೆ ಬದಲಿಸಲು ಒಳಗಿನಿಂದ ಚಿಲಕ ಹಾಕಬಹುದಾದ ಕೋಣೆಯೊಂದನ್ನು ಕೊಟ್ಟರೆ ಅವಳೂ ಆಡಬಲ್ಲಳು.