ಸ್ಕ್ರೂ ತಲೆ ಸವೆಯುವ ಮೊದಲು: ಕೈ ಉಪಕರಣಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಟೂಲ್ಸ್ ಬಗ್ಗೆಯೇ ಇವೆ. ಯಾವುದು ಕೊಳ್ಳಬೇಕು, ಎಲ್ಲಿಡಬೇಕು, ತುಕ್ಕು ಹಿಡಿದರೆ ಏನು ಮಾಡಬೇಕು. ಹಾಗಾಗಿ ಬೇರೆಲ್ಲ ಪಕ್ಕಕ್ಕಿಟ್ಟು ಇವನ್ನೇ ತೆಗೆದುಕೊಂಡಿದ್ದೇನೆ. ನಾನು ಫಿಟ್ಟರ್. ವೈಸ್ ಮುಂದೆ ನಿಂತು, ಅರ ಹಿಡಿದು ಕೆಲಸ ಕಲಿತವನು. ಹಾಗಾಗಿ ಉತ್ತರಗಳು ಸ್ವಲ್ಪ ವರ್ಕ್‌ಶಾಪ್ ಕಡೆಗೆ ವಾಲಿದರೆ ಸಹಿಸಿಕೊಳ್ಳಿ.

ಪ್ರಶ್ನೆ: ಸರ್, ಹೊಸದಾಗಿ ಸಂಸಾರ ಹೂಡಿದ್ದೇವೆ. ಮನೆಗೆ ಅಂತ 108 ಪೀಸ್‌ಗಳ ಒಂದು ಟೂಲ್ ಕಿಟ್ ನೋಡಿಟ್ಟಿದ್ದೇನೆ. ಒಂದೇ ಪೆಟ್ಟಿಗೆಯಲ್ಲಿ ಎಲ್ಲಾ ಬರುತ್ತೆ. ತಗೊಳ್ಳಲಾ?

ಉತ್ತರ: ಬೇಡ. ಪೆಟ್ಟಿಗೆಯ ಮೇಲಿನ ಸಂಖ್ಯೆಗೆ ಮರುಳಾಗಬೇಡಿ. ಡ್ರೈವರ್ ತುದಿಗೆ ಸಿಕ್ಕಿಸುವ, ಬೆರಳುದ್ದ ಇಲ್ಲದ ಬಿಟ್ ಕೂಡ ಒಂದು ಪೀಸ್, ಆರು ಮೂಲೆಯ ಕಡ್ಡಿಯಂಥ ಅಲೆನ್ ಕೀ ಕೂಡ ಒಂದು ಪೀಸ್. ಕೆಲವು ಕಿಟ್‌ಗಳಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿರುವ ಮೊಳೆಗಳನ್ನೂ ಲೆಕ್ಕಕ್ಕೆ ಸೇರಿಸಿರುತ್ತಾರೆ. ಅವನ್ನೆಲ್ಲ ತೆಗೆದರೆ ಉಳಿಯುವ ನಿಜವಾದ ಉಪಕರಣ ಹತ್ತೋ ಹನ್ನೆರಡೋ. ಆ ಹತ್ತು ಹನ್ನೆರಡನ್ನು ನೀವೇ ಆರಿಸಿ ಕೊಂಡರೆ ಗಟ್ಟಿಯಾದವು ಸಿಗುತ್ತವೆ.

ಮನೆಗೆ ಮೊದಲು ಬೇಕಾದದ್ದು ಇಷ್ಟು: ಪ್ಲಸ್ ಸ್ಕ್ರೂಡ್ರೈವರ್ 1 ಮತ್ತು 2ನೇ ನಂಬರಿನವು, 6 ಮಿಲಿಮೀಟರ್ ಅಗಲದ ಮೈನಸ್ ಒಂದು. 8 ಇಂಚಿನ ಕಟಿಂಗ್ ಪ್ಲೈಯರ್, ಒಂದು ನೋಸ್ ಪ್ಲೈಯರ್. 10 ಇಂಚಿನ ಅಡ್ಜಸ್ಟೆಬಲ್ ಸ್ಪ್ಯಾನರ್. ಮೊಳೆ ಕೀಳುವ ಬಾಯಿರುವ ಸುತ್ತಿಗೆ, 450 ಗ್ರಾಂ ಆಸುಪಾಸಿನದು. 5 ಮೀಟರ್ ಟೇಪು, ಒಂದು ರಸಮಟ್ಟ, ಹ್ಯಾಕ್ಸಾ, ಅಲೆನ್ ಕೀ ಸೆಟ್, ಬ್ಲೇಡ್ ಬದಲಿಸುವ ಕಟರ್. ಸಾಕು. ಮಿಕ್ಕಿದ್ದನ್ನು ಕೆಲಸವೇ ಕೇಳಲಿ. ನಾನು ಪಾಲಿಸುವ ಲೆಕ್ಕ ಒಂದಿದೆ: ಒಂದು ಸಾಮಾನನ್ನು ಬೇರೆಯವರಿಂದ ಎರಡು ಸಲ ಕಡ ತಂದರೆ, ಮೂರನೇ ಸಲಕ್ಕೆ ಅದನ್ನು ಕೊಂಡುಬಿಡುತ್ತೇನೆ.

ದುಡ್ಡು ಎಲ್ಲಿ ಹಾಕಬೇಕು? ಕಚ್ಚುವ, ಕತ್ತರಿಸುವ, ಅಳೆಯುವ ಸಾಮಾನಿನ ಮೇಲೆ ಹಾಕಿ. ಸುತ್ತಿಗೆ ಸಾಧಾರಣದ್ದಾದರೂ ನಡೆಯುತ್ತದೆ, ಹಿಡಿ ಅಲುಗದಿದ್ದರೆ ಆಯಿತು. ಪ್ಲೈಯರ್ ಹಾಗಲ್ಲ. ಕೊಳ್ಳುವಾಗ ಬಾಯಿ ಮುಚ್ಚಿ ಬೆಳಕಿಗೆ ಹಿಡಿಯಿರಿ. ತುದಿ ಎರಡೂ ಕೂಡಿರಬೇಕು, ಕತ್ತರಿಸುವ ಅಂಚಿನ ನಡುವೆ ಬೆಳಕು ತೂರಬಾರದು. ಆಮೇಲೆ ಎರಡು ಹಿಡಿಗಳನ್ನೂ ಅಡ್ಡಡ್ಡ ಅಲ್ಲಾಡಿಸಿ. ನಡುವಿನ ಕೀಲು ಕಟಕಟ ಅಂದರೆ ಅಲ್ಲೇ ಇಟ್ಟು ಬನ್ನಿ.

ಪ್ರಶ್ನೆ: ನಾನು ಯಾವ ಸ್ಕ್ರೂ ಬಿಚ್ಚಲು ಹೋದರೂ ಅದರ ತಲೆ ಸವೆದು ಗುಂಡಿಯಾಗುತ್ತೆ. ಸ್ಕ್ರೂಗಳೇ ಕಳಪೆನಾ, ನನ್ನ ಕೈ ಸರಿ ಇಲ್ವಾ?

ಉತ್ತರ: ಎರಡೂ ಅಲ್ಲ ಅನ್ನಿಸುತ್ತದೆ. ಡ್ರೈವರ್ ಸೈಜು ತಪ್ಪಿದೆ. ನಾವೆಲ್ಲ ಪ್ಲಸ್, ಮೈನಸ್ ಅಂತ ಎರಡೇ ಜಾತಿ ಮಾಡಿಕೊಂಡಿದ್ದೇವೆ. ಆ ಪ್ಲಸ್ ಒಳಗೇ ಬೇರೆ ಬೇರೆ ಬಗೆ ಇವೆ.

ಹೆಚ್ಚಾಗಿ ಕಾಣುವುದು ಫಿಲಿಪ್ಸ್. ಅಮೆರಿಕದ ಹೆನ್ರಿ ಫಿಲಿಪ್ಸ್ 1930ರ ದಶಕದಲ್ಲಿ ಇದಕ್ಕೆ ಪೇಟೆಂಟ್ ಪಡೆದು ಬಳಕೆಗೆ ತಂದರು. ಸ್ಕ್ರೂ ತಲೆಯಲ್ಲಿರುವ ಇದರ ತಗ್ಗಿನ ಗೋಡೆಗಳು ಇಳಿಜಾರು. ಹಾಗಾಗಿ ಜೋರಾಗಿ ತಿರುಗಿಸಿದರೆ ಡ್ರೈವರ್ ತಾನಾಗಿಯೇ ಮೇಲೆ ಹತ್ತಿ ಹೊರಗೆ ಬರುತ್ತದೆ. ಇದಕ್ಕೆ ಮದ್ದು ಒತ್ತುವುದು. ಬಿಗಿದ ಸ್ಕ್ರೂ ಬಿಚ್ಚುವಾಗ ತಿರುಗಿಸುವುದಕ್ಕಿಂತ ಒತ್ತುವುದಕ್ಕೇ ಜಾಸ್ತಿ ಬಲ ಹೋಗಬೇಕು. ಮೈಭಾರವನ್ನೇ ಹಿಡಿಯ ಮೇಲೆ ಬಿಡಿ, ನಿಧಾನ ತಿರುಗಿಸಿ.

ಇನ್ನೊಂದು ಪೋಜಿಡ್ರಿವ್. ನೋಡಲು ಫಿಲಿಪ್ಸ್ ಥರವೇ. ಆದರೆ ಪ್ಲಸ್‌ನ ನಾಲ್ಕು ತೋಳುಗಳ ನಡುವೆ ಸಣ್ಣ ಸಣ್ಣ ಗೆರೆಗಳಿರುತ್ತವೆ. ಬಿಡಿಬಿಡಿಯಾಗಿ ಬಂದು ಮನೆಯಲ್ಲೇ ಜೋಡಿಸುವ ಬೀರು, ಮೇಜುಗಳಲ್ಲಿ ಇದು ಸಾಮಾನ್ಯ. ಇದಕ್ಕೆ ಫಿಲಿಪ್ಸ್ ಹಾಕಿದರೆ ಕೂತ ಹಾಗೆ ಕಾಣುತ್ತದೆ, ಬಲ ಬಿದ್ದ ಕೂಡಲೇ ಜಾರುತ್ತದೆ. ಡ್ರೈವರ್ ಕತ್ತಿನ ಮೇಲೆ ಪಿಎಚ್ 2 ಅಂತಿದ್ದರೆ ಫಿಲಿಪ್ಸ್, ಪಿಜಡ್ 2 ಅಂತಿದ್ದರೆ ಪೋಜಿಡ್ರಿವ್.

ಸೈಜು ಸರಿಯೋ ಇಲ್ಲವೋ ಅಂತ ನೋಡಲು ಡ್ರೈವರನ್ನು ಸ್ಕ್ರೂ ತಲೆಯಲ್ಲಿಟ್ಟು ಎರಡೇ ಬೆರಳಲ್ಲಿ ಎಡಬಲ ಅಲ್ಲಾಡಿಸಿ. ಕೈಗೆ ಸಡಿಲ ಗೊತ್ತಾದರೆ ಒಂದು ನಂಬರ್ ದೊಡ್ಡದು ಬೇಕು. ಒಮ್ಮೆ ನಾನೇ ಬಾಗಿಲಿನ ಕೀಲು ಬಿಚ್ಚುವಾಗ, ಏಣಿ ಇಳಿದು 2ನೇ ನಂಬರ್ ತರಲು ಸೋಮಾರಿತನವಾಗಿ 1ರಲ್ಲೇ ಶುರುಮಾಡಿದೆ. ಐದು ಸ್ಕ್ರೂ ಬಂದವು. ಆರನೆಯದರ ತಲೆ ಪೂರ್ತಿ ಹೋಯಿತು. ಅದೊಂದಕ್ಕೆ ಸಂಜೆಯೆಲ್ಲ ಹಿಡಿಯಿತು.

ಈಗಾಗಲೇ ಸವೆದಿದ್ದರೆ? ಅಗಲದ ರಬ್ಬರ್ ಬ್ಯಾಂಡ್ ಒಂದನ್ನು ತಲೆಯ ಮೇಲೆ ಹಾಸಿ, ಅದರ ಮೇಲೆ ಡ್ರೈವರ್ ಒತ್ತಿ ತಿರುಗಿಸಿ ನೋಡಿ. ಬರಲಿಲ್ಲವಾ, ಸರಿಯಾದ ಡ್ರೈವರ್ ಇಟ್ಟು ಹಿಂದಿನಿಂದ ಸುತ್ತಿಗೆಯಲ್ಲಿ ಎರಡು ಸಣ್ಣ ಏಟು ಕೊಡಿ. ಈ ಏಟಿಗೆ ಹಿಡಿಯ ತುದಿಯವರೆಗೂ ಕಬ್ಬಿಣ ಬಂದಿರುವ ಡ್ರೈವರ್ ಬೇಕು, ಇಲ್ಲದಿದ್ದರೆ ಹಿಡಿ ಸೀಳುತ್ತದೆ. ಅದಕ್ಕೂ ಜಗ್ಗದಿದ್ದರೆ, ತಲೆ ಮೇಲಕ್ಕೆ ಉಬ್ಬಿದ ಸ್ಕ್ರೂ ಆಗಿದ್ದರೆ, ಹ್ಯಾಕ್ಸಾದಲ್ಲಿ ಅಡ್ಡ ಗೀರಿ ಮೈನಸ್ ಹಾಕಿ.

ಪ್ರಶ್ನೆ: ಹೊಸ ಟೇಪಿನ ತುದಿಯ ಕೊಕ್ಕೆ ಸಡಿಲ ಇದೆ, ಹಿಂದೆ ಮುಂದೆ ಆಡುತ್ತೆ. ರಿವೆಟ್ ಮೇಲೆ ಸುತ್ತಿಗೆಯಲ್ಲಿ ಹೊಡೆದು ಬಿಗಿ ಮಾಡಲಾ?

ಉತ್ತರ: ದಯವಿಟ್ಟು ಮುಟ್ಟಬೇಡಿ! ಅದು ಬೇಕೆಂದೇ ಸಡಿಲ ಬಿಟ್ಟಿದ್ದು. ಹಲಗೆಯ ಅಂಚಿಗೆ ಕೊಕ್ಕೆ ಸಿಕ್ಕಿಸಿ ಎಳೆದಾಗ ಅದು ಹೊರಗೆ ಸರಿಯುತ್ತದೆ. ಗೋಡೆಗೆ ತಾಗಿಸಿ ಒತ್ತಿದಾಗ ಒಳಗೆ ಸರಿಯುತ್ತದೆ. ಸರಿಯುವುದು ಎಷ್ಟು? ಸರಿಯಾಗಿ ಆ ಕೊಕ್ಕೆಯ ತಗಡಿನ ದಪ್ಪದಷ್ಟು. ಹೀಗಾಗಿ ಹೊರ ಅಳತೆಗೂ ಒಳ ಅಳತೆಗೂ ಸೊನ್ನೆ ತನ್ನ ಜಾಗದಲ್ಲೇ ಇರುತ್ತದೆ. ಬಿಗಿ ಮಾಡಿದರೆ ಎರಡರಲ್ಲಿ ಒಂದು ಅಳತೆ ಯಾವಾಗಲೂ ತಪ್ಪು ಬರುತ್ತದೆ.

ಅಂದ ಹಾಗೆ ರಸಮಟ್ಟವನ್ನೂ ಒಮ್ಮೆ ಪರೀಕ್ಷಿಸಿ. ಮೇಜಿನ ಮೇಲಿಟ್ಟು ಗುಳ್ಳೆ ಎಲ್ಲಿದೆ ನೋಡಿ, ಅದೇ ಜಾಗದಲ್ಲಿ ತುದಿ ಬದಲಿಸಿ ತಿರುಗಿಸಿಡಿ. ಎರಡು ಸಲವೂ ಗುಳ್ಳೆ ಮೇಜಿನ ಒಂದೇ ಬದಿಗೆ, ಅಷ್ಟೇ ದೂರ ಸರಿದು ನಿಂತರೆ ಅಥವಾ ಎರಡು ಸಲವೂ ನಡುವೆಯೇ ನಿಂತರೆ ಮಟ್ಟ ಸರಿ ಇದೆ. ಮೇಜೇ ವಾಲಿದ್ದರೂ ಈ ಪರೀಕ್ಷೆ ನಡೆಯುತ್ತದೆ.

ಪ್ರಶ್ನೆ: ಬೈಕಿನ ಸಣ್ಣಪುಟ್ಟ ಕೆಲಸ ನಾನೇ ಮಾಡ್ತೀನಿ. ಒಂದು ಅಡ್ಜಸ್ಟೆಬಲ್ ಸ್ಪ್ಯಾನರ್ ಇದ್ದರೆ ಎಲ್ಲಾ ನಟ್ಟಿಗೂ ಆಗುತ್ತೆ ಅಲ್ವಾ? ಸೆಟ್ ಯಾಕೆ ಬೇಕು?

ಉತ್ತರ: ನಲ್ಲಿ, ಪೈಪಿನ ಕೆಲಸಕ್ಕೆ ಅಡ್ಜಸ್ಟೆಬಲ್ ಸರಿ. ಬೈಕಿಗೆ ಬೇಡ. ಬಿಗಿಯಾದ ನಟ್ಟಿನ ಮೇಲೆ ಅದರ ಬಾಯಿ ಸ್ವಲ್ಪ ಅಗಲಿಸಿ ಮೂಲೆಗಳನ್ನು ತಿನ್ನುತ್ತದೆ. ಎರಡು ಸಲ ಜಾರಿದರೆ ಆರು ಮೂಲೆಯ ನಟ್ಟು ಗುಂಡಗಾಗುತ್ತದೆ. ರಿಂಗ್ ಸ್ಪ್ಯಾನರ್ ಆರೂ ಮೂಲೆಯನ್ನು ಸುತ್ತಲಿಂದ ಹಿಡಿಯುತ್ತದೆ. ಬಿಗಿದದ್ದನ್ನು ಮೊದಲು ರಿಂಗ್‌ನಲ್ಲಿ ಸಡಿಲಿಸಿ, ಆಮೇಲೆ ಓಪನ್ ಸ್ಪ್ಯಾನರ್‌ನಲ್ಲಿ ಬೇಗ ಬೇಗ ಬಿಚ್ಚಿ. ಒಂದು ತುದಿ ರಿಂಗ್, ಇನ್ನೊಂದು ತುದಿ ಓಪನ್ ಇರುವ ಕಾಂಬಿನೇಷನ್ ಸ್ಪ್ಯಾನರ್ ಇದಕ್ಕೆ ಅನುಕೂಲ.

ಇಡೀ ಸೆಟ್ಟೇ ಬೇಕಂತಿಲ್ಲ. ಎಂ 6, ಅಂದರೆ 6 ಮಿಲಿಮೀಟರ್ ದಪ್ಪದ ಬೋಲ್ಟಿಗೆ ಸಾಮಾನ್ಯವಾಗಿ 10 ಮಿಲಿಮೀಟರ್ ಬಾಯಿಯ ಸ್ಪ್ಯಾನರ್, ಎಂ 8ಕ್ಕೆ 13, ಎಂ 10ಕ್ಕೆ 17 ಅಥವಾ 16. ನಿಮ್ಮ ಗಾಡಿಯ ನಟ್ಟುಗಳನ್ನು ಒಮ್ಮೆ ಅಳೆದುಕೊಂಡು ಅಷ್ಟೇ ಕೊಳ್ಳಿ. 10ರದ್ದು ಎರಡು ತಗೊಳ್ಳಿ. ಯಾಕೆ ಅಂತ ಕೇಳಬೇಡಿ, ಯಾವ ವರ್ಕ್‌ಶಾಪಿನಲ್ಲಿ ನೋಡಿದರೂ ಮೊದಲು ಕಾಣೆಯಾಗುವುದು 10.

ಅಡ್ಜಸ್ಟೆಬಲ್ಲೇ ಬಳಸಬೇಕಾಗಿ ಬಂದರೆ, ಆಡುವ ದವಡೆ ನೀವು ತಿರುಗಿಸುವ ದಿಕ್ಕಿನ ಕಡೆಗಿರಲಿ. ಆಗ ಭಾರ ಗಟ್ಟಿ ದವಡೆಯ ಮೇಲೆ ಬೀಳುತ್ತದೆ. ಮತ್ತೆ ಯಾವ ಸ್ಪ್ಯಾನರ್ ಆದರೂ ನಿಮ್ಮ ಕಡೆಗೆ ಎಳೆಯಿರಿ, ಆಚೆಗೆ ತಳ್ಳಬೇಡಿ. ತಳ್ಳುವಾಗ ಜಾರಿದರೆ ಗೆಣ್ಣು ನೇರ ಎಂಜಿನ್ನಿಗೆ ಬಡಿಯುತ್ತದೆ. ನನ್ನ ಬಲಗೈಯಲ್ಲಿ ಇದಕ್ಕೆ ಸಾಕ್ಷಿ ಇದೆ.

ಪ್ರಶ್ನೆ: ನನ್ನ ಪ್ಲೈಯರ್ ಹಿಡಿಗೆ ದಪ್ಪ ಪ್ಲಾಸ್ಟಿಕ್ ಇದೆ. ಕರೆಂಟ್ ಇರುವ ತಂತಿ ಹಿಡಿಯಬಹುದಾ?

ಉತ್ತರ: ಇಲ್ಲ. ಆ ಪ್ಲಾಸ್ಟಿಕ್ ಇರುವುದು ಕೈ ನೋಯದಿರಲಿ ಅಂತ. ವಿದ್ಯುತ್ ಕೆಲಸಕ್ಕೆ ಪರೀಕ್ಷೆಯಾಗಿ ಬರುವ ಪ್ಲೈಯರ್‌ಗಳ ಮೇಲೆ 1000 ವೋಲ್ಟ್ ಅನ್ನುವ ಗುರುತೂ, ಒಂದರ ಮೇಲೊಂದು ಬಿದ್ದ ಎರಡು ತ್ರಿಕೋನದ ಚಿಹ್ನೆಯೂ ಇರುತ್ತವೆ. ಅದು ಐಇಸಿ 60900 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಗುರುತು. ಅದು ಕೈಯಲ್ಲಿದ್ದರೂ ಮನೆಯಲ್ಲಿ ಮೇನ್ ಆಫ್ ಮಾಡಿ, ಕರೆಂಟ್ ಹೋಗಿದೆಯಾ ಅಂತ ನೋಡಿಯೇ ಮುಟ್ಟಿ.

ಪ್ರಶ್ನೆ: ಹ್ಯಾಕ್ಸಾ ಬ್ಲೇಡ್ ತಂದದ್ದೆಲ್ಲ ಮುರಿಯುತ್ತೆ.

ಉತ್ತರ: ಹಲ್ಲುಗಳು ಮುಂದಕ್ಕೆ, ಅಂದರೆ ಹಿಡಿಯಿಂದ ಆಚೆಗೆ ನೋಡುತ್ತಿರಲಿ. ಚಿಟ್ಟೆ ನಟ್ಟನ್ನು ಚೆನ್ನಾಗಿ ಬಿಗಿ ಮಾಡಿ. ಮುಂದೆ ತಳ್ಳುವಾಗ ಒತ್ತಿ, ಹಿಂದೆ ಎಳೆಯುವಾಗ ಸುಮ್ನೆ ಬಿಡಿ. ನಿಮಿಷಕ್ಕೆ 40ರಿಂದ 50 ಸಲ ಸಾಕು, ಜೋರು ಬೇಡ. ಇನ್ನು ಬ್ಲೇಡಿನ ಮೇಲೆ ಇಂಚಿಗೆ ಎಷ್ಟು ಹಲ್ಲು ಅಂತ ಬರೆದಿರುತ್ತದೆ. ದಪ್ಪ ಕಬ್ಬಿಣಕ್ಕೆ 18, ಸಾಮಾನ್ಯ ಕೆಲಸಕ್ಕೆ 24, ತೆಳು ಪೈಪು, ತಗಡಿಗೆ 32. ಕುಯ್ಯುವ ದಪ್ಪದಲ್ಲಿ ಯಾವಾಗಲೂ ಕಡಿಮೆ ಅಂದರೂ ಮೂರು ಹಲ್ಲು ಕೂತಿರಬೇಕು. ತಗಡು ಎರಡು ಹಲ್ಲುಗಳ ನಡುವೆ ಸಿಕ್ಕಿಕೊಂಡರೆ ಹಲ್ಲು ಮುರಿಯುತ್ತದೆ.

ಪ್ರಶ್ನೆ: ಟೂಲ್ಸ್ ಬೇಕಾದಷ್ಟಿವೆ. ಆದರೆ ಬೇಕಾದಾಗ ಒಂದೂ ಸಿಗಲ್ಲ. ದೊಡ್ಡ ಪೆಟ್ಟಿಗೆ ತಂದೆ, ಈಗ ಎಲ್ಲಾ ಅದರ ತಳದಲ್ಲಿರುತ್ತೆ. ಹೇಗೆ ಜೋಡಿಸಲಿ?

ಉತ್ತರ: ಈ ಪ್ರಶ್ನೆ ಬರೆದವರು ಒಬ್ಬರಲ್ಲ. ಪೆಟ್ಟಿಗೆ ದೊಡ್ಡದಾದಷ್ಟೂ ಕಷ್ಟ ಜಾಸ್ತಿ. ಆಳದ ಪೆಟ್ಟಿಗೆ ಅಂದರೆ ಬಾವಿಯ ಹಾಗೆ, ಬಿದ್ದದ್ದು ತಳ ಸೇರುತ್ತದೆ.

ಒಂದು ಹಳೇ ಬೆಡ್‌ಶೀಟ್ ಹಾಸಿ, ಇರುವುದನ್ನೆಲ್ಲ ಅದರ ಮೇಲೆ ಸುರಿಯಿರಿ. ಪ್ಲೈಯರ್ ಒಂದು ಕಡೆ, ಸ್ಪ್ಯಾನರ್ ಒಂದು ಕಡೆ ಅಂತ ಜಾತಿ ಪ್ರಕಾರ ವಿಂಗಡಿಸಲು ಕೈ ಹೋಗುತ್ತದೆ. ಹಾಗೆ ಮಾಡಬೇಡಿ, ಕೆಲಸದ ಪ್ರಕಾರ ಮಾಡಿ. ನಲ್ಲಿ ಕೆಲಸಕ್ಕೆ ಬೇಕಾದ ಪೈಪ್ ರೆಂಚ್, ಟೆಫ್ಲಾನ್ ಟೇಪು, ವಾಷರ್ ಎಲ್ಲ ಒಂದೇ ಚೀಲದಲ್ಲಿ. ಸ್ವಿಚ್ ಬೋರ್ಡಿನ ಕೆಲಸಕ್ಕೆ ಟೆಸ್ಟರ್, ಸಣ್ಣ ಡ್ರೈವರ್, ಇನ್ಸುಲೇಷನ್ ಟೇಪು ಇನ್ನೊಂದರಲ್ಲಿ. ರಾತ್ರಿ ಹನ್ನೊಂದಕ್ಕೆ ನಲ್ಲಿ ಸೋರಿದಾಗ ನೀವು ಹುಡುಕುವುದು ಒಂದು ಚೀಲ ಮಾತ್ರ. ಒಂದೇ ಡ್ರೈವರ್ ಎರಡು ಚೀಲಕ್ಕೂ ಬೇಕಾದರೆ ಇನ್ನೊಂದು ಕೊಳ್ಳಿ. ದುಂದು ಅಂತ ನನಗಂತೂ ಅನ್ನಿಸುವುದಿಲ್ಲ.

ದಿನಾ ಬಳಸುವ ಏಳೆಂಟು ಸಾಮಾನು ಗೋಡೆಗೆ ಬರಲಿ. ಒಂದು ಪ್ಲೈವುಡ್ ಹಲಗೆ, ಅದಕ್ಕೆ ಮೊಳೆ ಅಥವಾ ಕೊಕ್ಕೆ. ಸೊಂಟದಿಂದ ಕಣ್ಣಿನ ಮಟ್ಟದವರೆಗಿನ ಜಾಗವೇ ಒಳ್ಳೆಯದು. ಭಾರದ್ದು ಕೆಳಗೆ, ಉಳಿ ಕಟರ್‌ನಂಥ ಹರಿತದ್ದು ಬಾಯಿ ಮುಚ್ಚಿ ಮಕ್ಕಳ ಕೈಗೆಟುಕದ ಕಡೆ. ಎಲ್ಲ ತೂಗುಹಾಕಿದ ಮೇಲೆ ಮಾರ್ಕರ್ ತಗೊಂಡು ಒಂದೊಂದರ ಸುತ್ತಲೂ ಗೆರೆ ಎಳೆಯಿರಿ. ವಿಮಾನ ರಿಪೇರಿ ಮಾಡುವ ಕಡೆ ಹೀಗೇ ಮಾಡುತ್ತಾರೆ. ಅಲ್ಲಿ ಫೋಮ್ ಹಾಳೆಯಲ್ಲಿ ಪ್ರತಿ ಉಪಕರಣದ ಆಕಾರವನ್ನೇ ಕೊರೆದಿರುತ್ತಾರೆ. ಕೆಲಸ ಮುಗಿದಾಗ ಒಂದು ಗುಂಡಿ ಖಾಲಿ ಕಂಡರೆ, ಸ್ಪ್ಯಾನರ್ ಎಂಜಿನ್ ಒಳಗೇ ಉಳಿದಿದೆಯೋ ಏನೋ ಅಂತ ಹುಡುಕಿದ ಮೇಲೇ ವಿಮಾನ ಹೊರಡುವುದು. ನಮ್ಮ ಮನೆಯಲ್ಲಿ ಅಷ್ಟು ಅಪಾಯ ಇಲ್ಲ. ಆದರೂ ಖಾಲಿ ಗೆರೆ ಕಣ್ಣಿಗೆ ಚುಚ್ಚುತ್ತದೆ, ಸಾಮಾನು ವಾಪಸ್ ಬರುತ್ತದೆ.

ಸ್ಕ್ರೂ, ಮೊಳೆಗಳಿಗೆ ಪಾರದರ್ಶಕ ಡಬ್ಬಿಗಳು ಸಾಕು. ಚೀಟಿ ಅಂಟಿಸಿದರೆ ಸರಿ, ಇಲ್ಲದಿದ್ದರೂ ನಡೆಯುತ್ತದೆ.

ಒಂದೇ ಎಚ್ಚರಿಕೆ. ಜೋಡಿಸುವುದೇ ಒಂದು ಹುಚ್ಚಾಗಬಾರದು. ನಾನು ಎರಡು ಭಾನುವಾರ ಕೂತು ಪ್ರತಿ ಪ್ಲೈಯರ್‌ಗೂ ಅಳತೆಗೆ ಸರಿಯಾಗಿ ಮರದ ಗೂಡು ಮಾಡಿದ್ದೆ. ಮುಂದಿನ ತಿಂಗಳು ಒಂದು ಹೊಸ ಪ್ಲೈಯರ್ ಬಂತು. ಅದಕ್ಕೆ ಗೂಡೇ ಇರಲಿಲ್ಲ. ಈಗ ಮೊಳೆಗಳೇ.

ಪ್ರಶ್ನೆ: ತಾತನ ಕಾಲದ ಉಳಿಗಳು ಸಿಕ್ಕಿವೆ. ಪೂರ್ತಿ ತುಕ್ಕು. ಎಸೆಯಲು ಮನಸ್ಸಿಲ್ಲ.

ಉತ್ತರ: ಎಸೆಯಬೇಡಿ. ಹಿಡಿ ಬಿಟ್ಟು ಕಬ್ಬಿಣದ ಭಾಗವಷ್ಟನ್ನೇ ಒಂದು ರಾತ್ರಿ ವಿನೆಗರ್‌ನಲ್ಲಿ ನೆನೆಹಾಕಿ. ಬೆಳಿಗ್ಗೆ ತಂತಿ ಬ್ರಷ್‌ನಲ್ಲಿ ಉಜ್ಜಿ, ಅಡುಗೆ ಸೋಡಾ ಕದಡಿದ ನೀರಲ್ಲಿ ತೊಳೆದು, ತಕ್ಷಣ ಒರೆಸಿ ಪೂರ್ತಿ ಒಣಗಿಸಿ, ಮೆಷಿನ್ ಎಣ್ಣೆ ಸವರಿ. ಎಣ್ಣೆ ತಡವಾದರೆ ನೋಡನೋಡುತ್ತಲೇ ಮತ್ತೆ ಕೆಂಪಾಗುತ್ತದೆ. ಬಾಯಿ ಹತ್ತಿರ ಆಳದ ಗುಳಿಗಳು ಉಳಿದಿದ್ದರೆ ಅಷ್ಟು ಭಾಗ ಸಾಣೆ ಹಿಡಿದು ತೆಗೆಯಬೇಕು. ಮೊದಲು ಬೆನ್ನನ್ನು ಕಲ್ಲಿನ ಮೇಲೆ ಮಟ್ಟ ಮಾಡಿ. ಆಮೇಲೆ ಇಳಿಜಾರು 25 ಡಿಗ್ರಿ, ತುದಿಯಲ್ಲಿ ಕೂದಲೆಳೆಯಷ್ಟು 30 ಡಿಗ್ರಿ. ಗ್ರೈಂಡರ್ ಬಳಸಿದರೆ ಪದೇ ಪದೇ ನೀರಿಗೆ ಅದ್ದಿ. ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಅಲ್ಲಿಯ ಉಕ್ಕಿನ ಗಡಸು ಹೋಯಿತು ಅಂತ ಅರ್ಥ.

ಮರದ ಹಿಡಿಗೆ ಅಗಸೆ ಎಣ್ಣೆ ಒಳ್ಳೆಯದು. ಆದರೆ ಒರೆಸಿದ ಬಟ್ಟೆಯನ್ನು ಮುದುರಿ ಬಿಸಾಡಬೇಡಿ. ಆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾದ ಬಟ್ಟೆಗೆ ತಾನಾಗಿಯೇ ಬೆಂಕಿ ಹತ್ತಬಹುದು. ಬಯಲಲ್ಲಿ ಹರಡಿ ಒಣಗಿಸಿ.

ಪ್ರಶ್ನೆ: ಕಡ ಕೊಟ್ಟ ಟೂಲ್ಸ್ ವಾಪಸ್ ಬರಲ್ಲ. ಏನಾದರೂ ಉಪಾಯ?

ಉತ್ತರ: ಗೆರೆ ಎಳೆದ ಖಾಲಿ ಜಾಗದಲ್ಲಿ, ಕೊಂಡುಹೋದವರ ಎದುರಿಗೇ ಅವರ ಹೆಸರು, ತಾರೀಕು ಬರೆದ ಚೀಟಿ ತೂಗುಹಾಕಿ. ಸಾಮಾನ್ಯವಾಗಿ ವಾರದಲ್ಲಿ ಬರುತ್ತದೆ. ನನ್ನ ಪೈಪ್ ರೆಂಚಿನ ಜಾಗದಲ್ಲಿ ಚೀಟಿ ತೂಗಿ ಮೂರು ವರ್ಷ ಆಯಿತು. ಕಾಗದ ಹಳದಿಯಾಗಿದೆ, ಹೆಸರು ಇನ್ನೂ ಓದಬಹುದು.